ಸೆಪ್ಟಿಮಾ ಕ್ಲಾರ್ಕ್ ಕಾಗದಪತ್ರಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಕೆರೊಲಿನ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ ಹುಟ್ಟಿ ಬೆಳೆದ ಶಾಲಾ ಶಿಕ್ಷಕಿ, ಸಮುದಾಯ ನಾಯಕಿ ಸೆಪ್ಟಿಮಾ ಪಾಯಿನ್ಸೆಟ್ ಕ್ಲಾರ್ಕ್ (1898–1987) ಅವರ ಖಾಸಗಿ ಕಾಗದಪತ್ರಗಳ ಸಂಗ್ರಹ. ಇದು ಚಾರ್ಲ್ಸ್‌ಟನ್ ಕಾಲೇಜಿಗೆ ಸೇರಿದ ಏವರಿ ಸಂಶೋಧನ ಕೇಂದ್ರದಲ್ಲಿದೆ. ವಯಸ್ಕರಿಗೆ ಅಕ್ಷರ ಕಲಿಸಿ ಅವರನ್ನು ಮತದಾರರ ಪಟ್ಟಿಗೆ ಸೇರಿಸಿದ ಪೌರತ್ವ ಶಾಲೆಗಳ ಚರಿತ್ರೆಗೆ ಇದು ಮುಖ್ಯ ಆಕರ. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಎಂದೊಡನೆ ಮೆರವಣಿಗೆ, ಭಾಷಣ, ನ್ಯಾಯಾಲಯದ ತೀರ್ಪುಗಳೇ ನೆನಪಿಗೆ ಬರುತ್ತವೆ. ಅವುಗಳ ಹಿಂದೆ ಹಳ್ಳಿಹಳ್ಳಿಯಲ್ಲಿ ರಾತ್ರಿ ಹೊತ್ತು ನಡೆದ ಪಾಠಗಳಿದ್ದವು. ಆ ಪಾಠಗಳನ್ನು ಯಾರು ಹೇಳಿಕೊಟ್ಟರು, ಹೇಗೆ ಹೇಳಿಕೊಟ್ಟರು, ಅದಕ್ಕಾಗಿ ಏನು ಕಳೆದುಕೊಂಡರು ಎಂಬುದನ್ನು ಕ್ಲಾರ್ಕ್ ಅವರ ಕಾಗದಗಳಿಲ್ಲದೆ ಸರಿಯಾಗಿ ತಿಳಿಯಲಾಗದು.

ಕಾಲ ಮತ್ತು ಕಾನೂನು

ಈ ಸಂಗ್ರಹ ಅರ್ಥವಾಗಬೇಕಾದರೆ ಅದು ಹುಟ್ಟಿದ ಕಾಲದ ಕಾನೂನುಗಳನ್ನು ತಿಳಿದಿರಬೇಕು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. 1870ರಲ್ಲಿ ಬಂದ ಸಂವಿಧಾನದ 15ನೆಯ ತಿದ್ದುಪಡಿಯ ಪ್ರಕಾರ ಬಣ್ಣದ ಕಾರಣಕ್ಕೆ ಯಾರಿಗೂ ಮತದಾನದ ಹಕ್ಕನ್ನು ನಿರಾಕರಿಸುವಂತಿರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳು ಬಣ್ಣದ ಹೆಸರೆತ್ತದೆಯೇ ಕಪ್ಪುಜನರನ್ನು ಮತಗಟ್ಟೆಯಿಂದ ದೂರವಿಡುವ ದಾರಿ ಕಂಡುಕೊಂಡವು. ದಕ್ಷಿಣ ಕೆರೊಲಿನದ 1895ರ ಸಂವಿಧಾನದಂತೆ, ಮತದಾರರಾಗಿ ಹೆಸರು ನೋಂದಾಯಿಸಬೇಕಾದವರು ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಿ ಬರೆದು ತೋರಿಸಬೇಕಾಗಿತ್ತು, ಇಲ್ಲವೇ 300 ಡಾಲರ್ ಮೌಲ್ಯದ ಆಸ್ತಿಗೆ ತೆರಿಗೆ ಕಟ್ಟುವವರಾಗಿರಬೇಕಾಗಿತ್ತು. ಓದಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರ ನೋಂದಣಿ ಕಚೇರಿಯ ಬಿಳಿಯ ಅಧಿಕಾರಿಯ ಕೈಯಲ್ಲಿತ್ತು. ಕಪ್ಪುಮಕ್ಕಳ ಶಾಲೆಗಳಿಗೆ ಹಣ ಕೊಡದೆ ಅಕ್ಷರವನ್ನು ದೂರವಿಟ್ಟ ಸರಕಾರವೇ ಅಕ್ಷರ ಬಾರದು ಎಂಬ ಕಾರಣ ಹೇಳಿ ಮತವನ್ನೂ ದೂರವಿಟ್ಟಿತು.

ಭಾರತ ಹಿಡಿದ ದಾರಿ ಇದಕ್ಕೆ ತೀರ ಬೇರೆ. 1950ರ ಸಂವಿಧಾನ ವಯಸ್ಕರೆಲ್ಲರಿಗೂ ಮತಾಧಿಕಾರ ಕೊಟ್ಟಿತು. ಅದಕ್ಕೆ ಅಕ್ಷರಜ್ಞಾನದ ಷರತ್ತು ಹಾಕಲಿಲ್ಲ. 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತಪೆಟ್ಟಿಗೆಗಳ ಮೇಲಿದ್ದ ಚಿಹ್ನೆ ನೋಡಿ ಕೋಟಿಗಟ್ಟಲೆ ಅನಕ್ಷರಸ್ಥರು ಮತ ಹಾಕಿದರು. ಅದೇ ಹೊತ್ತಿನಲ್ಲಿ ದಕ್ಷಿಣ ಕೆರೊಲಿನದಲ್ಲಿ ಅಷ್ಟು ಆಸ್ತಿಯಿಲ್ಲದ ಒಬ್ಬ ಕಪ್ಪು ರೈತ ಸಂವಿಧಾನದ ಕಠಿಣ ವಾಕ್ಯಗಳನ್ನು ತಡವರಿಸದೆ ಓದಿದರಷ್ಟೆ ಮತದಾರನಾಗಬಹುದಿತ್ತು. ಅಮೆರಿಕದಲ್ಲಿ ಈ ಅಕ್ಷರ ಪರೀಕ್ಷೆಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕುಗಳ ಕಾಯಿದೆಯಿಂದ. ಓದುಬರಹ ಕಲಿಸುವುದೇ ಅಲ್ಲಿ ರಾಜಕೀಯ ಕೆಲಸವಾದದ್ದು, ಒಬ್ಬ ಶಿಕ್ಷಕಿಯ ಪಾಠದ ಟಿಪ್ಪಣಿ ರಾಜಕೀಯ ಚರಿತ್ರೆಯ ದಾಖಲೆಯಾದದ್ದು ಈ ಕಾರಣದಿಂದ.

ಜೀವನ

ಸೆಪ್ಟಿಮಾ 1898ರ ಮೇ 3ರಂದು ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿದರು. ತಂದೆ ಪೀಟರ್ ಪಾಯಿನ್ಸೆಟ್ ಗುಲಾಮರಾಗಿ ಹುಟ್ಟಿದವರು. ಅವರ ಒಡೆಯರಾಗಿದ್ದ ಜೋಯೆಲ್ ಪಾಯಿನ್ಸೆಟ್ ಮೆಕ್ಸಿಕೊದಲ್ಲಿ ಅಮೆರಿಕದ ಮೊದಲ ರಾಯಭಾರಿಯಾಗಿದ್ದವರು. ತಾಯಿ ವಿಕ್ಟೋರಿಯಾ ಹೈಟಿಯಲ್ಲಿ ಬೆಳೆದ ಸ್ವಾಭಿಮಾನಿ. ಬಟ್ಟೆ ಒಗೆದು ಇಸ್ತ್ರಿ ಮಾಡಿ ಸಂಸಾರಕ್ಕೆ ನೆರವಾದರು. ಎಂಟು ಮಕ್ಕಳಲ್ಲಿ ಸೆಪ್ಟಿಮಾ ಎರಡನೆಯವರು. ಬೇರೆಯವರ ಮಕ್ಕಳನ್ನು ನೋಡಿಕೊಂಡು ಶುಲ್ಕಕ್ಕೆ ಹಣ ಹೊಂದಿಸಿ ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದರು. 1916ರಲ್ಲಿ ಶಿಕ್ಷಕಿಯಾಗುವ ಅರ್ಹತೆ ಪಡೆದರು.

ಚಾರ್ಲ್ಸ್‌ಟನ್ ನಗರದ ಸರಕಾರಿ ಶಾಲೆಗಳು ಆಗ ಕಪ್ಪುಶಿಕ್ಷಕರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಹದಿನೆಂಟರ ಹುಡುಗಿ ದೋಣಿ ಹತ್ತಿ ಜಾನ್ಸ್ ದ್ವೀಪಕ್ಕೆ ಹೋಗಿ ಪ್ರಾಮಿಸ್ ಲ್ಯಾಂಡ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. 1919ರಲ್ಲಿ ಏವರಿಗೆ ಮರಳಿ, ನಗರದ ಶಾಲೆಗಳಲ್ಲಿ ಕಪ್ಪುಶಿಕ್ಷಕರನ್ನು ನೇಮಿಸಬೇಕೆಂಬ ಮನವಿಗೆ ಮನೆಮನೆ ತಿರುಗಿ ಸಹಿ ಕೂಡಿಸಿದರು. ಎನ್‌ಎಎಸಿಪಿ ಎಂಬ ಕಪ್ಪುಜನರ ಹಕ್ಕಿನ ಸಂಘಟನೆ ಈ ಅಭಿಯಾನ ನಡೆಸಿತ್ತು. ಮರುವರ್ಷವೇ ಕಾನೂನು ಬದಲಾಯಿತು. 1920ರಲ್ಲಿ ನೌಕಾಪಡೆಯಲ್ಲಿ ಅಡುಗೆಯವರಾಗಿದ್ದ ನೀರಿ ಕ್ಲಾರ್ಕ್ ಅವರನ್ನು ಮದುವೆಯಾದರು. ಮೊದಲ ಮಗು ತಿಂಗಳು ತುಂಬುವ ಮುನ್ನವೇ ತೀರಿಕೊಂಡಿತು. 1925ರಲ್ಲಿ ಗಂಡನೂ ತೀರಿಕೊಂಡ ಮೇಲೆ ಮಗನನ್ನು ಉತ್ತರ ಕೆರೊಲಿನದ ಅತ್ತೆಮಾವಂದಿರ ಬಳಿ ಬಿಟ್ಟು ದುಡಿಮೆ ಮುಂದುವರಿಸಬೇಕಾಯಿತು.

1929ರಿಂದ 1947ರವರೆಗೆ ರಾಜ್ಯದ ರಾಜಧಾನಿ ಕೊಲಂಬಿಯದಲ್ಲಿ ಕಲಿಸಿದರು. ಕೆಲಸದ ಜೊತೆಜೊತೆಗೇ ಓದಿ 1942ರಲ್ಲಿ ಬೆನೆಡಿಕ್ಟ್ ಕಾಲೇಜಿನಿಂದ ಬಿ.ಎ., 1946ರಲ್ಲಿ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್‌ನಿಂದ ಎಂ.ಎ. ಪಡೆದರು. ಕಪ್ಪುಶಿಕ್ಷಕರಿಗೂ ಬಿಳಿಯ ಶಿಕ್ಷಕರಿಗೂ ಸಮಾನ ಸಂಬಳ ಬೇಕೆಂದು ಕೊಲಂಬಿಯದಲ್ಲಿ ಹೂಡಿದ ದಾವೆಗೆ ನೆರವಾದರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಅದರ ವಕೀಲರಲ್ಲಿ ಒಬ್ಬರು. 1945ರಲ್ಲಿ ನ್ಯಾಯಾಧೀಶ ಜೆ. ವೇಟೀಸ್ ವೇರಿಂಗ್ ಶಿಕ್ಷಕರ ಪರ ತೀರ್ಪಿತ್ತರು. 1947ರಲ್ಲಿ ಚಾರ್ಲ್ಸ್‌ಟನ್‌ಗೆ ಮರಳಿದ ಕ್ಲಾರ್ಕ್ 1956ರಲ್ಲಿ ಕೆಲಸ ಕಳೆದುಕೊಂಡರು. ಬಳಿಕ ಟೆನೆಸಿ ರಾಜ್ಯದ ಹೈಲ್ಯಾಂಡರ್ ಫೋಕ್ ಸ್ಕೂಲಿನಲ್ಲಿ, 1961ರಿಂದ ಮಾರ್ಟಿನ್ ಲೂಥರ್ ಕಿಂಗ್ ಅಧ್ಯಕ್ಷರಾಗಿದ್ದ ಎಸ್‌ಸಿಎಲ್‌ಸಿ ಸಂಘಟನೆಯಲ್ಲಿ ಕೆಲಸ ಮಾಡಿ 1970ರಲ್ಲಿ ನಿವೃತ್ತರಾದರು. 1987ರ ಡಿಸೆಂಬರ್ 15ರಂದು, ತಮ್ಮ ಮೊದಲ ಪಾಠ ನಡೆದ ಜಾನ್ಸ್ ದ್ವೀಪದಲ್ಲೇ ತೀರಿಕೊಂಡರು.

ಸಂಗ್ರಹದ ನೆಲೆ

ಕಾಗದಪತ್ರಗಳಿರುವ ಸಂಸ್ಥೆಗೂ ಕ್ಲಾರ್ಕ್ ಅವರ ಬದುಕಿಗೂ ಹಳೆಯ ನಂಟಿದೆ. ಅಮೆರಿಕನ್ ಮಿಷನರಿ ಅಸೋಸಿಯೇಷನ್ 1865ರಲ್ಲಿ, ಆಗಷ್ಟೆ ಬಿಡುಗಡೆಯಾದ ಜನರ ಮಕ್ಕಳಿಗಾಗಿ ತೆರೆದ ಶಾಲೆಯೇ ಏವರಿ. ಚಾರ್ಲ್ಸ್‌ಟನ್ನಿನ ಬುಲ್ ಬೀದಿಯ ಅದರ ಕಟ್ಟಡದಲ್ಲಿ ಕಪ್ಪುಜನರ ಹಲವು ತಲೆಮಾರಿನ ಶಿಕ್ಷಕರು ತಯಾರಾದರು. ಕ್ಲಾರ್ಕ್ ಅಲ್ಲಿ ವಿದ್ಯಾರ್ಥಿನಿಯೂ ಆಗಿದ್ದರು, ಶಿಕ್ಷಕಿಯೂ ಆಗಿದ್ದರು. 1954ರಲ್ಲಿ ಶಾಲೆ ಮುಚ್ಚಿತು. ಕಟ್ಟಡ ಉಳಿಯಬೇಕು, ಅದರೊಡನೆ ಊರಿನ ಕಪ್ಪುಜನರ ನೆನಪೂ ಉಳಿಯಬೇಕು ಎಂಬ ಕಾಳಜಿಯಿಂದ ಹಳೆಯ ವಿದ್ಯಾರ್ಥಿಗಳು 1978ರಲ್ಲಿ ಸಂಘ ಕಟ್ಟಿದರು. ಅವರ ಒತ್ತಾಸೆಯಿಂದ 1985ರಲ್ಲಿ ಚಾರ್ಲ್ಸ್‌ಟನ್ ಕಾಲೇಜಿನ ಆಶ್ರಯದಲ್ಲಿ ಆಫ್ರಿಕನ್-ಅಮೆರಿಕನ್ ಚರಿತ್ರೆ ಮತ್ತು ಸಂಸ್ಕೃತಿಯ ಏವರಿ ಸಂಶೋಧನ ಕೇಂದ್ರ ರೂಪುಗೊಂಡಿತು. ದುರಸ್ತಿಯಾದ ಕಟ್ಟಡ 1990ರಲ್ಲಿ ಪತ್ರಾಗಾರವಾಗಿ, ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು.

ಪತ್ರಾಗಾರಗಳ ಚರಿತ್ರೆಯಲ್ಲಿ ಇದು ಗಮನಿಸಬೇಕಾದ ಸಂಗತಿ. ಬಹುಕಾಲ ಪತ್ರಾಗಾರಗಳು ಕೂಡಿಟ್ಟದ್ದು ರಾಜ್ಯಪಾಲರು, ಸೇನಾಧಿಪತಿಗಳು, ತೋಟಗಳ ಒಡೆಯರು ಬಿಟ್ಟುಹೋದ ಕಡತಗಳನ್ನು. ಅವುಗಳಲ್ಲಿ ಗುಲಾಮರ ಹೆಸರು ಬರುವುದು ಆಸ್ತಿಯ ಪಟ್ಟಿಯಲ್ಲಿ. ಗುಲಾಮರಾಗಿ ಹುಟ್ಟಿದವರ ಮಗಳ ಕೈಬರಹ ಚರಿತ್ರೆಯ ಆಕರವೆಂದು ಮಾನ್ಯವಾಗಬೇಕಾದರೆ, ಅದಕ್ಕೆ ಬೆಲೆ ಕೊಟ್ಟು ಜೋಪಾನ ಮಾಡುವ ಜನ ಬೇಕಿತ್ತು. ಆಕೆಯ ಶಾಲೆಯಲ್ಲಿ ಓದಿದವರೇ ಆ ಕೆಲಸಕ್ಕೆ ಮುಂದಾದರು. ಇದೇ ಕೇಂದ್ರದಲ್ಲಿ ಕ್ಲಾರ್ಕ್ ಅವರ ಸಹೋದ್ಯೋಗಿಗಳಾದ ಈಸಾ ಜೆಂಕಿನ್ಸ್ ಮತ್ತು ಬರ್ನೀಸ್ ರಾಬಿನ್ಸನ್ ಅವರ ಕಾಗದಪತ್ರಗಳೂ ಇವೆ. ಪೌರತ್ವ ಶಾಲೆ ಕಟ್ಟಿದ ಮೂವರ ಬರಹಗಳೂ ಒಂದೇ ಸೂರಿನಡಿ ಸಿಗುವುದರಿಂದ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ನೋಡಬಹುದು.

ಸಂಗ್ರಹದ ಸ್ವರೂಪ

ಖಾಸಗಿ ಕಾಗದಪತ್ರ ಎಂದರೆ ಒಬ್ಬ ವ್ಯಕ್ತಿ ಬದುಕಿನುದ್ದಕ್ಕೂ ಬರೆದದ್ದು, ಪಡೆದದ್ದು, ಎತ್ತಿಟ್ಟದ್ದು. ಕ್ಲಾರ್ಕ್ ಸಂಗ್ರಹದಲ್ಲಿ ಪತ್ರವ್ಯವಹಾರ, ಭಾಷಣ ಮತ್ತು ಲೇಖನಗಳು, ಹೈಲ್ಯಾಂಡರ್ ಹಾಗೂ ಎಸ್‌ಸಿಎಲ್‌ಸಿ ಕೆಲಸಕ್ಕೆ ಸಂಬಂಧಿಸಿದ ಕಾಗದಗಳು, ಮಹಿಳಾ ಸಂಘಗಳ ಮತ್ತು ಚರ್ಚಿನ ಕೆಲಸದ ಕಾಗದಗಳು, ಪತ್ರಿಕೆಗಳಿಂದ ಕತ್ತರಿಸಿದ ಸುದ್ದಿಗಳು, ಛಾಯಾಚಿತ್ರಗಳು, ಗೌರವಪತ್ರಗಳು ಹೀಗೆ ಹಲವು ಬಗೆಯ ಸಾಮಗ್ರಿ ಇದೆ. ಇವು 20ನೆಯ ಶತಮಾನದ ಬಹುಭಾಗವನ್ನು ಆವರಿಸುತ್ತವೆ.

ಸಂಘಸಂಸ್ಥೆಗಳ ಕಾಗದಗಳು ಮೇಲ್ನೋಟಕ್ಕೆ ಸಪ್ಪೆ ಎನಿಸಬಹುದು. ಆದರೆ ಕ್ಲಾರ್ಕ್ ಅವರನ್ನು ಸಮುದಾಯದ ನಾಯಕಿಯನ್ನಾಗಿ ಬೆಳೆಸಿದ್ದು ಅಂಥ ಸಂಘಗಳೇ. ಕಪ್ಪುಮಹಿಳೆಯರ ಕ್ಲಬ್ಬುಗಳು, ವೈಡಬ್ಲ್ಯುಸಿಎ, ಕ್ಷಯರೋಗ ತಡೆಯುವ ಸಂಘ, ಚರ್ಚಿನ ಮಹಿಳಾ ಮಂಡಳಿ ಇವುಗಳಲ್ಲಿ ಚಂದಾ ಎತ್ತುವುದು, ಸಭೆ ಕರೆಯುವುದು, ನಡಾವಳಿ ಬರೆಯುವುದು, ಜಗಳ ಬಿಡಿಸುವುದು ಇವನ್ನೆಲ್ಲ ಈಕೆ ಕಲಿತರು. ಮುಂದೆ ನೂರಾರು ಊರುಗಳಲ್ಲಿ ಶಾಲೆ ನಡೆಸುವ ಹೊಣೆ ಬಂದಾಗ ನೆರವಿಗೆ ಬಂದದ್ದು ನಲವತ್ತು ವರ್ಷಗಳ ಈ ಅಭ್ಯಾಸ. ಆದ್ದರಿಂದ ಈ ಕಡತಗಳನ್ನು ಬದಿಗಿಟ್ಟು ಕಿಂಗ್ ಅವರೊಡನೆ ನಡೆದ ವ್ಯವಹಾರವನ್ನಷ್ಟೆ ಹುಡುಕುವವರಿಗೆ ಕ್ಲಾರ್ಕ್ ಅವರ ಬದುಕಿನ ಅರ್ಧ ಭಾಗ ಕೈತಪ್ಪುತ್ತದೆ.

ದ್ವೀಪದ ಪಾಠಗಳು

ಕ್ಲಾರ್ಕ್ ಅವರ ಬೋಧನ ಕ್ರಮದ ಬೇರು ಜಾನ್ಸ್ ದ್ವೀಪದಲ್ಲಿದೆ. ಅವರ ಆತ್ಮಕಥನದ ಪ್ರಕಾರ ಪ್ರಾಮಿಸ್ ಲ್ಯಾಂಡ್ ಶಾಲೆಯಲ್ಲಿ ಇಬ್ಬರು ಶಿಕ್ಷಕಿಯರು, 132 ಮಕ್ಕಳು. ಹಲಗೆಯ ಗೋಡೆ, ಸಂದುಗಳಿಂದ ನುಗ್ಗುವ ಗಾಳಿ. ಕೋಣೆಯ ಒಂದು ಕೊನೆಯಲ್ಲಿದ್ದ ಒಲೆಯ ಮುಂದೆ ಕುಳಿತ ಮಕ್ಕಳಿಗೆ ಸುಡುವ ಶಾಖ, ಹಿಂದಿನ ಬೆಂಚಿನವರಿಗೆ ನಡುಕ. ಕ್ಲಾರ್ಕ್ ಅವರಿಗೆ ತಿಂಗಳಿಗೆ 35 ಡಾಲರ್ ಸಂಬಳ. ಅಲ್ಲೇ ಸಮೀಪದ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿಗೆ 85 ಡಾಲರ್.

ದ್ವೀಪದ ಜನರ ಮನೆಮಾತು ಗಲ್ಲಾ. ಇದು ಇಂಗ್ಲಿಷ್ ಮತ್ತು ಪಶ್ಚಿಮ ಆಫ್ರಿಕದ ನುಡಿಗಳು ಬೆರೆತು ಕರಾವಳಿಯ ದ್ವೀಪಗಳಲ್ಲಿ ಬೆಳೆದ ಭಾಷೆ. ಪಠ್ಯಪುಸ್ತಕಗಳಿರಲಿಲ್ಲ, ಇದ್ದಿದ್ದರೂ ಅವುಗಳ ಭಾಷೆ ಮಕ್ಕಳಿಗೆ ದೂರದ್ದು. ಕ್ಲಾರ್ಕ್ ಮಕ್ಕಳಿಂದಲೇ ಕತೆ ಹೇಳಿಸಿದರು. ಶಾಲೆಗೆ ನಡೆದು ಬರುವ ದಾರಿ, ಹೊಲದಲ್ಲಿ ಬೆಳೆಯುವ ಬೆಳೆ, ಆಕಾಶದಲ್ಲಿ ಕಾಣುವುದು ಇವೇ ಕತೆಗಳಾದವು. ಲಾಂಡ್ರಿಯವರು ಬಟ್ಟೆ ಹಾಕಿಕೊಡುವ ಕಾಗದದ ಚೀಲಗಳನ್ನು ಬಿಡಿಸಿ, ಅವುಗಳ ಮೇಲೆ ಆ ಕತೆಗಳನ್ನು ಬರೆದು ಗೋಡೆಗೆ ಹಚ್ಚಿದರು. ಆ ಹಾಳೆಗಳೇ ಓದುವ ಪುಸ್ತಕ. ಕಲಿಯುವವರ ಬದುಕಿನಲ್ಲಿ ಆಗಲೇ ಇರುವ ಮಾತಿನಿಂದ ಪಾಠ ಆರಂಭಿಸುವ ಈ ವಿಧಾನವನ್ನು ಹಗಲು ಮಕ್ಕಳಿಗೂ ರಾತ್ರಿ ದೊಡ್ಡವರಿಗೂ ಬಳಸಿದರು. ಬ್ರೆಜಿಲಿನ ಶಿಕ್ಷಣತಜ್ಞ ಪಾವ್ಲೋ ಫ್ರೇರೆ ಇಂಥದೇ ವಿಚಾರಗಳಿಂದ ಜಗತ್ತಿಗೆ ಪರಿಚಿತರಾಗುವುದಕ್ಕೆ ಹಲವು ದಶಕ ಮೊದಲೇ, ಹೆಸರಿಲ್ಲದ ಈ ವಿಧಾನ ಒಂದು ದ್ವೀಪದ ಶಾಲೆಯಲ್ಲಿ ಬಳಕೆಯಲ್ಲಿತ್ತು.

ಕೊಲಂಬಿಯದಲ್ಲಿದ್ದಾಗ ವಿಲ್ ಲೂ ಗ್ರೇ ಎಂಬ ಶಿಕ್ಷಣತಜ್ಞೆ ನಡೆಸಿದ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಕ್ಲಾರ್ಕ್ ಸೇನಾ ಶಿಬಿರದ ಕಪ್ಪುಸೈನಿಕರಿಗೆ ಅಕ್ಷರ ಕಲಿಸಿದರು. ಸಂಬಳದ ಚೀಟಿಗೆ ಸಹಿ ಹಾಕುವುದು, ಬಸ್ಸಿನ ಫಲಕ ಓದುವುದು ಮೊದಲ ಪಾಠ. ವಯಸ್ಕರಿಗೆ ನಾಳೆಯೇ ಉಪಯೋಗಕ್ಕೆ ಬರುವುದನ್ನು ಇಂದು ಕಲಿಸಬೇಕು ಎಂಬ ನಿಲುವು ಇಲ್ಲಿ ಗಟ್ಟಿಯಾಯಿತು.

1956: ವಜಾ

1954ರಲ್ಲಿ ಸುಪ್ರೀಂ ಕೋರ್ಟು ಬ್ರೌನ್ ಪ್ರಕರಣದಲ್ಲಿ ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದಿತು. ದಕ್ಷಿಣದ ರಾಜ್ಯಗಳು ಸಿಟ್ಟಿಗೆದ್ದವು. ದಕ್ಷಿಣ ಕೆರೊಲಿನದ ಶಾಸನಸಭೆ 1956ರಲ್ಲಿ, ಸರಕಾರಿ ನೌಕರರು ಯಾರೂ ಎನ್‌ಎಎಸಿಪಿಯ ಸದಸ್ಯರಾಗಿರಕೂಡದು ಎಂಬ ಕಾನೂನು ಮಾಡಿತು. ಶಿಕ್ಷಕರ ಕೈಗೆ ಪ್ರಶ್ನಾವಳಿ ಬಂತು: ನೀವು ಸದಸ್ಯರೇ ಎಂದು ಬರೆದು ಕೊಡಬೇಕು. ಎಲ್ಲೊರೀ ಎಂಬ ಊರಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರಿಸಲೊಪ್ಪದ ಶಿಕ್ಷಕರು ಗುಂಪಾಗಿ ಕೆಲಸ ಕಳೆದುಕೊಂಡರು.

ಕ್ಲಾರ್ಕ್ ತಮ್ಮ ಸದಸ್ಯತ್ವವನ್ನು ಮುಚ್ಚಿಡಲಿಲ್ಲ. ಅವರು ಹೇಳಿರುವಂತೆ, ಈ ಕಾನೂನನ್ನು ಒಟ್ಟಾಗಿ ವಿರೋಧಿಸೋಣ ಎಂದು 726 ಕಪ್ಪುಶಿಕ್ಷಕರಿಗೆ ತಮ್ಮ ಸಹಿಯೊಡನೆ ಪತ್ರ ಕಳುಹಿಸಿದರು. ಬಂದ ಉತ್ತರ 26. ಮೇಲಧಿಕಾರಿಯನ್ನು ಕಾಣಲು ಒಪ್ಪಿದವರು 11, ಆ ದಿನ ಹೋದವರು ಕ್ಲಾರ್ಕ್ ಅವರೂ ಸೇರಿ ಐವರು. ಆ ವರ್ಷ ಅವರ ಕೆಲಸ ಹೋಯಿತು. ನಲವತ್ತು ವರ್ಷಗಳ ಸೇವೆಯ ನಿವೃತ್ತಿ ವೇತನವೂ ಹೋಯಿತು. ಊರಿನಲ್ಲಿ ಅವರೊಡನೆ ಕಾಣಿಸಿಕೊಳ್ಳಲು ಪರಿಚಿತರೇ ಹೆದರಿದರು.

ಈ ಅಂಕಿಗಳಲ್ಲಿ ಸಹೋದ್ಯೋಗಿಗಳ ಹೇಡಿತನವನ್ನು ಹುಡುಕುವುದು ಸುಲಭ. ಕ್ಲಾರ್ಕ್ ಹಾಗೆ ಮಾಡಲಿಲ್ಲ. ಸಿದ್ಧತೆಯಿಲ್ಲದೆ ಜನರನ್ನು ಹೋರಾಟಕ್ಕೆ ಕರೆದದ್ದು ತಮ್ಮದೇ ಸೋಲು ಎಂದು ಅವರು ತಿಳಿದರು. ಜನರು ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂದು ತಿಳಿದು, ಮಾತಾಡಿ, ತಯಾರಾದ ಮೇಲೆ ಹೆಜ್ಜೆ ಇಡಬೇಕು ಎಂಬ ಪಾಠವನ್ನು ಮುಂದಿನ ಎಲ್ಲ ಕೆಲಸಕ್ಕೂ ಅಳವಡಿಸಿಕೊಂಡರು. ಪೌರತ್ವ ಶಾಲೆಗಳ ತಾಳ್ಮೆ ಹುಟ್ಟಿದ್ದು ಉತ್ತರ ಬಾರದ ಆ ಏಳುನೂರು ಪತ್ರಗಳಿಂದ. ನಿವೃತ್ತಿ ವೇತನದ ಹಕ್ಕು ಅವರಿಗೆ ಮರಳಿ ಸಿಕ್ಕಿದ್ದು 1976ರಲ್ಲಿ, ವಜಾ ಆದ ಇಪ್ಪತ್ತು ವರ್ಷಗಳ ಮೇಲೆ.

ಪೌರತ್ವ ಶಾಲೆ

ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ 1932ರಲ್ಲಿ ಟೆನೆಸಿಯ ಮಾಂಟೀಗಲ್ ಬಳಿ ಕಟ್ಟಿದ ಹೈಲ್ಯಾಂಡರ್, ಕಪ್ಪು-ಬಿಳಿ ಜನರು ಒಟ್ಟಿಗೆ ಕುಳಿತು ಉಣ್ಣುವ, ಚರ್ಚಿಸುವ ಅಪರೂಪದ ತಾಣವಾಗಿತ್ತು. ಕ್ಲಾರ್ಕ್ 1954ರಲ್ಲಿ ಮೊದಲ ಬಾರಿ ಅಲ್ಲಿಗೆ ಹೋದರು. 1955ರ ಬೇಸಗೆಯಲ್ಲಿ ಅವರು ನಡೆಸಿದ ಕಾರ್ಯಾಗಾರಕ್ಕೆ ಬಂದವರಲ್ಲಿ ಅಲಬಾಮದ ರೋಸಾ ಪಾರ್ಕ್ಸ್ ಒಬ್ಬರು. ಅದೇ ಡಿಸೆಂಬರ್ 1ರಂದು ಪಾರ್ಕ್ಸ್ ಮಾಂಟ್‌ಗಮರಿಯ ಬಸ್ಸಿನಲ್ಲಿ ತಮ್ಮ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಕೆಲಸ ಹೋದ ಮೇಲೆ ಕ್ಲಾರ್ಕ್ ಹೈಲ್ಯಾಂಡರಿನ ಕಾರ್ಯಾಗಾರಗಳ ನಿರ್ದೇಶಕಿಯಾದರು.

ಪೌರತ್ವ ಶಾಲೆಯ ಬೀಜ ಬಿದ್ದದ್ದು ಮಾತ್ರ ಜಾನ್ಸ್ ದ್ವೀಪದ ಒಂದು ಬಸ್ಸಿನಲ್ಲಿ. ಈಸಾ ಜೆಂಕಿನ್ಸ್ ದ್ವೀಪದಿಂದ ಚಾರ್ಲ್ಸ್‌ಟನ್‌ಗೆ ಕೂಲಿಗೆ ಹೋಗುವವರನ್ನು ತಮ್ಮ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಸಂವಿಧಾನದ ಭಾಗಗಳನ್ನು ಓದಿ ಹೇಳುತ್ತಿದ್ದರು. ಆಲಿಸ್ ವೈನ್ ಎಂಬ ಪ್ರಯಾಣಿಕರು ಅದನ್ನು ಬಾಯಿಪಾಠ ಮಾಡಿದರು. ಬಾಯಿಪಾಠ ಸಾಲದು, ನಿಜವಾಗಿ ಓದಲು ಕಲಿಯಬೇಕು ಎಂದು ಕೇಳಿದವರೂ ಅವರೇ. ಶಾಲೆಯ ಕಟ್ಟಡ ಕೊಡಲು ಯಾರೂ ಮುಂದೆ ಬರಲಿಲ್ಲ. ಹೈಲ್ಯಾಂಡರಿನಿಂದ ಸಾಲ ಪಡೆದು ದ್ವೀಪದ ಪ್ರೋಗ್ರೆಸಿವ್ ಕ್ಲಬ್ ಒಂದು ಕಟ್ಟಡ ಕೊಂಡಿತು. ಮುಂಭಾಗದಲ್ಲಿ ಸಹಕಾರಿ ಅಂಗಡಿ, ಹಿಂಭಾಗದಲ್ಲಿ ತರಗತಿ. ಹಿಂದೆ ಶಾಲೆ ನಡೆಯುತ್ತಿರುವುದು ಬಿಳಿಯ ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಅಂಗಡಿಯ ಮರೆ ಇತ್ತು.

ತರಗತಿ 1957ರ ಜನವರಿ 7ರಂದು ಆರಂಭವಾಯಿತು. ಶಿಕ್ಷಕಿ ಬರ್ನೀಸ್ ರಾಬಿನ್ಸನ್, ಕ್ಲಾರ್ಕ್ ಅವರ ಸಂಬಂಧಿ. ಅವರು ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು. ಶಿಕ್ಷಕಿಯ ತರಬೇತಿ ಇರಲಿಲ್ಲ. ಅವರನ್ನು ಆರಿಸಿದ್ದು ಆ ಕಾರಣಕ್ಕೇ. ಪದವಿ ಪಡೆದ ಶಿಕ್ಷಕರು ದೊಡ್ಡವರನ್ನು ಮಕ್ಕಳಂತೆ ಗದರಬಹುದು, ಅದೂ ಅಲ್ಲದೆ ಸರಕಾರ ಅವರ ಕೆಲಸವನ್ನು ಕಸಿದುಕೊಳ್ಳಬಹುದು. ಸ್ವಂತ ಅಂಗಡಿಯಿದ್ದು ಕಪ್ಪುಜನರನ್ನೇ ಗಿರಾಕಿಗಳಾಗಿ ಉಳ್ಳ ಹೆಂಗಸನ್ನು ಹೆದರಿಸುವುದು ಕಷ್ಟ. ಮೊದಲ ದಿನ ಮಕ್ಕಳ ಪುಸ್ತಕ ತಂದಿದ್ದ ರಾಬಿನ್ಸನ್ ಅದನ್ನು ಬದಿಗಿಟ್ಟು, ನಿಮಗೆ ಏನು ಕಲಿಯಬೇಕು ಎಂದು ಬಂದವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಅರ್ಜಿ ತುಂಬಬೇಕು, ಮನಿಆರ್ಡರ್ ಕಳುಹಿಸಬೇಕು ಎಂದು ಜನ ಹೇಳಿದರು. ಅದೇ ಪಠ್ಯಕ್ರಮವಾಯಿತು. ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದ ಕೈಗಳಿಗೆ ರಟ್ಟಿನ ಮೇಲೆ ಹೆಸರು ಬರೆದುಕೊಟ್ಟು, ಅದನ್ನೇ ಮತ್ತೆ ಮತ್ತೆ ತಿದ್ದಿಸುವ ಕ್ರಮ ಬಂತು. ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ, ವಾರಕ್ಕೆ ಎರಡು ರಾತ್ರಿ, ಎರಡೆರಡು ಗಂಟೆ ತರಗತಿ. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ. ಕೋರ್ಸು ಮುಗಿಯುವ ಹೊತ್ತಿಗೆ ಎಲ್ಲರೂ ಅದನ್ನು ಓದಬೇಕು ಎಂಬುದು ಗುರಿ.

ಮುಂದೆ ಈ ಪಾಠಗಳು ಅಭ್ಯಾಸ ಪುಸ್ತಿಕೆಗಳ ರೂಪ ಪಡೆದವು. ಇವು ಪೌರತ್ವ ಶಾಲೆಯ ಕಾಗದಪತ್ರಗಳಲ್ಲಿ ಅತ್ಯಂತ ಬೆಲೆಯುಳ್ಳವು. ಮತದಾರರ ನೋಂದಣಿಯ ನಿಯಮ, ರಾಜಕೀಯ ಪಕ್ಷ ಎಂದರೇನು, ತೆರಿಗೆ ಎಲ್ಲಿಗೆ ಹೋಗುತ್ತದೆ, ಸಾಮಾಜಿಕ ಭದ್ರತೆಯ ಪಿಂಚಣಿ ಪಡೆಯುವ ಬಗೆ, ಚೆಕ್ ಬರೆಯುವ ರೀತಿ, ಕೂಲಿಯ ಲೆಕ್ಕ ಇವೆಲ್ಲ ಅವುಗಳಲ್ಲಿವೆ. ಓದುವ ಪಾಠದಲ್ಲೇ ಹಕ್ಕಿನ ಪಾಠ, ಗಣಿತದಲ್ಲೇ ಸಂಬಳದ ಪಾಠ ಸೇರಿಹೋಗಿದೆ. ಅಧಿಕಾರಿಯ ಮುಂದಿಟ್ಟ ನಮೂನೆಯ ಕಾಗದ ಜನರನ್ನು ಹೊರಗಿಡುತ್ತಿತ್ತು. ಅದೇ ನಮೂನೆಯನ್ನು ತರಗತಿಗೆ ತಂದು, ಅಳುಕು ಹೋಗುವವರೆಗೆ ತುಂಬಿಸಿ, ಅದರ ಬಲವನ್ನು ಪೌರತ್ವ ಶಾಲೆ ಕಳೆಯಿತು.

ಡಾರ್ಚೆಸ್ಟರಿನಿಂದ ದಕ್ಷಿಣದಾದ್ಯಂತ

ಹೈಲ್ಯಾಂಡರನ್ನು ಮುಚ್ಚಿಸಲು ಟೆನೆಸಿಯ ಅಧಿಕಾರಿಗಳು ಕಾದಿದ್ದರು. 1959ರ ಜುಲೈ 31ರ ರಾತ್ರಿ ಪೊಲೀಸರು ದಾಳಿ ಮಾಡಿ, ಮದ್ಯ ಇಟ್ಟುಕೊಂಡ ಆರೋಪ ಹೊರಿಸಿ ಕ್ಲಾರ್ಕ್ ಅವರನ್ನು ಬಂಧಿಸಿದರು. ಅವರು ಮದ್ಯ ಮುಟ್ಟದವರು, ಆಗ ವಯಸ್ಸು 61. ಸಂಸ್ಥೆಯ ಪರವಾನಗಿ 1961ರಲ್ಲಿ ಪೂರ್ತಿಯಾಗಿ ರದ್ದಾಯಿತು. ಹಾರ್ಟನ್ ಹೊಸ ಹೆಸರಿನಲ್ಲಿ ಅದನ್ನು ಮತ್ತೆ ಕಟ್ಟಿದರು. ಅಷ್ಟರಲ್ಲಿ ಪೌರತ್ವ ಶಾಲೆಯ ಕಾರ್ಯಕ್ರಮ ಎಸ್‌ಸಿಎಲ್‌ಸಿಯ ಕೈಗೆ ಬಂದಿತ್ತು. ಜಾರ್ಜಿಯ ರಾಜ್ಯದ ಮೆಕಿಂಟಾಷ್ ಊರಿನ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿಗಳಾದ ಡೊರೊತಿ ಕಾಟನ್, ಆಂಡ್ರ್ಯೂ ಯಂಗ್ ಐದು ದಿನಗಳ ತರಬೇತಿ ಶಿಬಿರಗಳನ್ನು ನಡೆಸಿದರು. ಗಟ್ಟಿಯಾಗಿ ಓದಬಲ್ಲ, ಹಲಗೆಯ ಮೇಲೆ ಸ್ಪಷ್ಟವಾಗಿ ಬರೆಯಬಲ್ಲ, ಊರವರ ನಂಬಿಕೆ ಗಳಿಸಿದ ಯಾರೂ ಶಿಕ್ಷಕರಾಗಬಹುದಿತ್ತು. ಮಿಸಿಸಿಪಿಯ ತೋಟದ ಕೂಲಿಯಾಗಿದ್ದು ಮುಂದೆ ದೇಶದ ಗಮನ ಸೆಳೆದ ಫ್ಯಾನಿ ಲೂ ಹೇಮರ್ ಇಲ್ಲಿ ತರಬೇತಾದವರು.

1957ರಿಂದ 1970ರವರೆಗೆ 897 ಪೌರತ್ವ ಶಾಲೆಗಳು ನಡೆದವು ಎಂದು ಕ್ಲಾರ್ಕ್ ಲೆಕ್ಕ ಕೊಟ್ಟಿದ್ದಾರೆ. ಅಡುಗೆಮನೆ, ಮರದ ನೆರಳು, ಕೇಶಾಲಂಕಾರದ ಅಂಗಡಿ, ಚರ್ಚಿನ ಹಿಂಬದಿಯ ಕೋಣೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ತರಗತಿ ನಡೆಯಿತು. ಹಾಜರಿ, ಖರ್ಚಿನ ಲೆಕ್ಕ, ಎಷ್ಟು ಜನ ನೋಂದಣಿಯಾದರು ಎಂಬ ವರದಿ ಇವು ಊರೂರಿನಿಂದ ಅಂಚೆಯಲ್ಲಿ ಬರುತ್ತಿದ್ದವು. ಚಳವಳಿಯ ದೊಡ್ಡ ಹೆಸರುಗಳಾಗದ, ಯಾವ ಪತ್ರಿಕೆಯೂ ಬರೆಯದ ಹೆಂಗಸರ ಕೆಲಸ ಉಳಿದಿರುವುದು ಇಂಥ ವರದಿಗಳಲ್ಲಿ.

ಸಂಘಟನೆಯ ಒಳಗಿನ ಅಸಮಾನತೆಯನ್ನೂ ಕ್ಲಾರ್ಕ್ ದಾಖಲಿಸಿದ್ದಾರೆ. ಎಲ್ಲ ಮೆರವಣಿಗೆಗೂ ತಾವೇ ಮುಂದಾಳಾಗುವ ಬದಲು ಊರೂರಿನಲ್ಲಿ ನಾಯಕರನ್ನು ಬೆಳೆಸಿ ಎಂದು ಅವರು ಕಿಂಗ್ ಅವರಿಗೆ ಪತ್ರ ಬರೆದರು. ಆ ಪತ್ರವನ್ನು ಕಚೇರಿಯಲ್ಲಿ ಓದಿದಾಗ ಅಲ್ಲಿದ್ದವರು ನಕ್ಕರು ಎಂದು ಅವರೇ ಹೇಳಿದ್ದಾರೆ. ಕಾರ್ಯಕಾರಿ ಮಂಡಳಿಯಲ್ಲಿ ಹೆಂಗಸರ ಮಾತಿಗೆ ಬೆಲೆ ಇರಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆದರೂ ಕಿಂಗ್ ಅವರ ಬಗ್ಗೆ ಗೌರವ ಕುಂದಲಿಲ್ಲ. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಕಿಂಗ್ ಓಸ್ಲೊಗೆ ಹೋದಾಗ ಜೊತೆಗಿದ್ದವರಲ್ಲಿ ಕ್ಲಾರ್ಕ್ ಒಬ್ಬರು.

ಬೇರೆಡೆಯ ಆಕರಗಳು

ಒಬ್ಬರ ಪತ್ರವ್ಯವಹಾರದ ಅರ್ಧ ಇನ್ನೊಬ್ಬರ ಮನೆಯಲ್ಲಿರುವುದು ಸಹಜ. ಕ್ಲಾರ್ಕ್ ಹಾರ್ಟನ್ ಅವರಿಗೆ ಬರೆದ ಪತ್ರಗಳು, ಹೈಲ್ಯಾಂಡರಿನ ವರದಿಗಳು ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಎಸ್‌ಸಿಎಲ್‌ಸಿಯ ದಾಖಲೆಗಳು ಅಟ್ಲಾಂಟದ ಕಿಂಗ್ ಕೇಂದ್ರದಲ್ಲಿವೆ. ನ್ಯಾಯಾಧೀಶ ವೇರಿಂಗ್ ಮತ್ತು ಅವರ ಪತ್ನಿ ಎಲಿಜಬೆತ್ ಇಬ್ಬರೂ ಕ್ಲಾರ್ಕ್ ಅವರ ಆಪ್ತರು. ಬಿಳಿಯ ಸಮಾಜ ವೇರಿಂಗ್ ದಂಪತಿಯನ್ನು ಬಹಿಷ್ಕರಿಸಿದ್ದ ಕಾಲದಲ್ಲಿ ಈ ಸ್ನೇಹ ಬೆಳೆಯಿತು. ವೇರಿಂಗ್ ಕಾಗದಪತ್ರಗಳು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಉತ್ತರ ಕೆರೊಲಿನ ವಿಶ್ವವಿದ್ಯಾಲಯದ ಮೌಖಿಕ ಚರಿತ್ರೆಯ ಯೋಜನೆಗಾಗಿ ಇತಿಹಾಸಕಾರ್ತಿ ಜಾಕ್ವೆಲಿನ್ ಹಾಲ್ 1976ರಲ್ಲಿ ನಡೆಸಿದ ದೀರ್ಘ ಸಂದರ್ಶನ ಇವೆಲ್ಲಕ್ಕೂ ಪೂರಕ.

ಕ್ಲಾರ್ಕ್ ಅವರ ಎರಡು ಆತ್ಮಕಥನಗಳು ಪ್ರಕಟವಾಗಿವೆ. ‘ಎಕೊ ಇನ್ ಮೈ ಸೋಲ್’ 1962ರಲ್ಲಿ ಬಂತು. ಸಿಂಥಿಯಾ ಸ್ಟೋಕ್ಸ್ ಬ್ರೌನ್ ಅವರು ಕೇಳಿ ಬರೆದುಕೊಂಡು ಸಂಪಾದಿಸಿದ ‘ರೆಡಿ ಫ್ರಂ ವಿದಿನ್’ 1986ರಲ್ಲಿ ಪ್ರಕಟವಾಗಿ ಮರುವರ್ಷ ಅಮೆರಿಕನ್ ಬುಕ್ ಅವಾರ್ಡ್ ಪಡೆಯಿತು. ಈ ಎಲ್ಲ ಆಕರಗಳನ್ನು ಕೂಡಿಸಿ ಕ್ಯಾಥರೀನ್ ಮೆಲನ್ ಚಾರನ್ ಬರೆದ ‘ಫ್ರೀಡಮ್ಸ್ ಟೀಚರ್’ (2009) ವಿಸ್ತಾರವಾದ ಜೀವನಚರಿತ್ರೆ.

ಓದುವ ಬಗೆ

ಒಬ್ಬರದೇ ಮಾತು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೂಪ ತಾಳುತ್ತದೆ ಎಂಬುದಕ್ಕೆ ಕ್ಲಾರ್ಕ್ ಸಾಮಗ್ರಿ ಒಳ್ಳೆಯ ನಿದರ್ಶನ. 1962ರ ಪುಸ್ತಕ ಚಳವಳಿ ಕಾವೇರಿದ್ದಾಗ ಬಂದದ್ದು. ಅದರಲ್ಲಿ ಸಹೋದ್ಯೋಗಿಗಳ ಬಗ್ಗೆ ಸಂಯಮವಿದೆ. 1976ರ ಸಂದರ್ಶನ ಮತ್ತು 1986ರ ಪುಸ್ತಕ ಮಹಿಳಾ ಚಳವಳಿಯ ಬೆಳಕಿನಲ್ಲಿ ಹೇಳಿದ ಮಾತುಗಳು. ಗಂಡಸರ ಯಜಮಾನಿಕೆಯ ಬಗ್ಗೆ ಅವು ನೇರವಾಗಿವೆ. ಆಯಾ ದಿನದ ಪತ್ರಗಳಲ್ಲಿ ಇವಾವುದರಲ್ಲೂ ಇಲ್ಲದ ಸಂಗತಿಗಳು ಕಾಣುತ್ತವೆ: ಹಣದ ಕೊರತೆ, ಪ್ರಯಾಣದ ದಣಿವು, ಮುಂದಿನ ಶಿಬಿರಕ್ಕೆ ಜನ ಬರುವರೋ ಇಲ್ಲವೋ ಎಂಬ ಚಿಂತೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದಿದಾಗ ಸಂತಳೂ ಅಲ್ಲದ, ಬರೀ ಕಾರ್ಯಕರ್ತೆಯೂ ಅಲ್ಲದ, ದಣಿದರೂ ಕೆಲಸ ಬಿಡದ ಒಬ್ಬ ಶಿಕ್ಷಕಿಯ ಪರಿಚಯವಾಗುತ್ತದೆ.

ಮಹತ್ವ

ನಿವೃತ್ತಿಯ ನಂತರ ಕ್ಲಾರ್ಕ್ 1970ರ ದಶಕದಲ್ಲಿ ಚಾರ್ಲ್ಸ್‌ಟನ್ ಕೌಂಟಿಯ ಶಾಲಾ ಮಂಡಳಿಗೆ ಆರಿಸಿಬಂದರು. 1956ರಲ್ಲಿ ಅವರನ್ನು ತೆಗೆದುಹಾಕಿದ ಊರಿನ ಶಾಲೆಗಳ ಆಡಳಿತದಲ್ಲೇ ಅವರಿಗೆ ಸ್ಥಾನ ಸಿಕ್ಕಿತು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ‘ಲಿವಿಂಗ್ ಲೆಗಸಿ’ ಪುರಸ್ಕಾರ ಕೊಟ್ಟರು. ಚಾರ್ಲ್ಸ್‌ಟನ್ನಿನ ಒಂದು ಹೆದ್ದಾರಿಗೆ ಅವರ ಹೆಸರಿದೆ. ಈ ಮನ್ನಣೆಗಳು ನ್ಯಾಯವಾದವು, ತಡವಾಗಿ ಬಂದವು. ಆದರೆ ಪುರಸ್ಕಾರ ಹೇಳುವುದು ಒಬ್ಬರು ದೊಡ್ಡವರು ಎಂದಷ್ಟೆ. ಅವರ ಕೆಲಸ ಹೇಗೆ ನಡೆಯಿತು ಎಂಬುದನ್ನು ಹೇಳುವುದು ಕಾಗದಪತ್ರ.

ಶಿಕ್ಷಕರ ಕಾಗದಗಳನ್ನು ಸಾಮಾನ್ಯವಾಗಿ ಯಾರೂ ಎತ್ತಿಡುವುದಿಲ್ಲ. ಪಾಠದ ಟಿಪ್ಪಣಿ ವರ್ಷ ಮುಗಿದೊಡನೆ ರದ್ದಿಗೆ ಹೋಗುತ್ತದೆ, ಸಂಘದ ನಡಾವಳಿ ಪುಸ್ತಕ ಕಾರ್ಯದರ್ಶಿಯ ಮನೆಯ ಅಟ್ಟ ಸೇರುತ್ತದೆ. ಊರನ್ನು ಬದಲಿಸಿದ ಎಷ್ಟೋ ಶಿಕ್ಷಕರ ಕೆಲಸ ಹೀಗೆ ಗುರುತಿಲ್ಲದೆ ಅಳಿದಿದೆ. ಕ್ಲಾರ್ಕ್ ಸಂಗ್ರಹ ಉಳಿದುಬಂದದ್ದರಿಂದ ಚರಿತ್ರೆಕಾರರು ನಾಗರಿಕ ಹಕ್ಕುಗಳ ಚಳವಳಿಯ ಆರಂಭವನ್ನು 1955ರ ಮಾಂಟ್‌ಗಮರಿ ಬಸ್ ಬಹಿಷ್ಕಾರದಿಂದ ಹಿಂದಕ್ಕೆ, 1916ರ ದ್ವೀಪದ ಶಾಲೆಯವರೆಗೆ ಗುರುತಿಸಲು ಸಾಧ್ಯವಾಯಿತು. ಕಾನೂನು ಬದಲಾದಾಗ ಅದನ್ನು ಬಳಸಿಕೊಳ್ಳಲು ಸಿದ್ಧರಾದ ಜನ ಇದ್ದರು, ಅವರನ್ನು ಸಿದ್ಧಪಡಿಸಿದವರು ಬಹುಪಾಲು ಹೆಂಗಸರು, ಅವರಿಗೆ ದಾರಿ ತೋರಿಸಿದವರು ಒಬ್ಬ ಶಾಲಾ ಶಿಕ್ಷಕಿ. ಇದನ್ನು ಸಾಬೀತುಪಡಿಸುವ ಪುರಾವೆ ಈ ಕಾಗದಗಳಲ್ಲಿದೆ. ಯಾವುದೇ ಊರಿನ ಹೋರಾಟದ ಚರಿತ್ರೆ ಬರೆಯುವವರು ಭಾಷಣಗಳ ಸಂಪುಟ ತೆರೆಯುವ ಮೊದಲು ಆ ಊರಿನ ಮೇಷ್ಟ್ರ, ಟೀಚರಮ್ಮನ ಕಡತಗಳು ಎಲ್ಲಿವೆ ಎಂದು ವಿಚಾರಿಸಬೇಕು ಎಂಬ ತಿಳಿವು ಈ ಸಂಗ್ರಹದ ದೊಡ್ಡ ಕೊಡುಗೆ.